ಕ್ಯಾಪ್ಚಾ ಅಂತ ನಂಬಿ ಒತ್ತಿದೆ: ನಮ್ಮ ಹೋಂಸ್ಟೇ ಕಂಪ್ಯೂಟರಿಗೆ ಆದದ್ದು

ತಡಿಯಂಡಮೋಳ್_ತಪ್ಪಲು · ಕಕ್ಕಬ್ಬೆ · ಶನಿವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಇದನ್ನು ಬರೀಬೇಕೋ ಬೇಡವೋ ಅಂತ ಹದಿನೈದು ದಿನ ಯೋಚಿಸಿದೆ. "ಊರಿಗೆಲ್ಲ ಯಾಕೆ ಸಾರ್ತೀಯ, ಆಮೇಲೆ ಯಾರು ನಮ್ಮನೆಗೆ ಬರ್ತಾರೆ" ಅಂತ ನಮ್ಮವರಿಗೆ ಆತಂಕ. ಆದರೆ ನಮ್ಮ ಕಡೆ ಈಗ ಹೋಂಸ್ಟೇ ಇಲ್ಲದ ತೋಟವೇ ಕಡಿಮೆ. ನನಗೆ ಬಂದ ಮೇಲ್ ನಾಳೆ ನಿಮಗೂ ಬರುತ್ತೆ. ಅದಕ್ಕೇ ಬರೀತಿದ್ದೇನೆ.

ಡಿಸೆಂಬರ್ ಮೂರನೇ ವಾರ. ಹೊಸ ವರ್ಷದವರೆಗೂ ನಾಲ್ಕೂ ರೂಮು ಭರ್ತಿ. ಅತ್ತ ಅರೇಬಿಕಾ ಕೊಯ್ಲು ಮುಗೀತಾ ಬಂದಿತ್ತು, ಕಣದಲ್ಲಿ ಒಣಗೋಕೆ ತೊಳೆದ ಕಾಫಿ ಬೀಜ, ಅಂದರೆ ಪಾರ್ಚ್‌ಮೆಂಟ್ ಹರಡಿದೆ, ಮೋಡ ಕಂಡರೆ ಟಾರ್ಪಾಲಿನ್ ಹಿಡಿದು ಓಡಬೇಕು. ಆ ಗಡಿಬಿಡಿಯಲ್ಲಿ ಒಂದು ಮೇಲ್ ಬಂತು. ನಾವು ರೂಮ್ ಹಾಕಿರೋ ಬುಕಿಂಗ್ ತಾಣದ ಹೆಸರು, ಅದೇ ಬಣ್ಣ, ಅದೇ ಗುರುತು. "ನಿಮ್ಮಲ್ಲಿ ಉಳಿದಿದ್ದ ಅತಿಥಿಯೊಬ್ಬರು ಹಾಸಿಗೆಯಲ್ಲಿ ತಿಗಣೆ ಇದೆ ಎಂದು ದೂರಿದ್ದಾರೆ, 24 ಗಂಟೆಯೊಳಗೆ ಉತ್ತರಿಸದಿದ್ದರೆ ನಿಮ್ಮ ಮನೆಯ ಹೆಸರು ಪಟ್ಟಿಯಿಂದ ಹೋಗುತ್ತೆ" ಅಂತ ಇಂಗ್ಲಿಷಲ್ಲಿ ಇತ್ತು. ನನ್ನ ಎದೆ ಧಸಕ್ಕೆಂದಿತು. ಪ್ರತಿ ವಾರ ಹಾಸಿಗೆ ಬಿಸಿಲಿಗೆ ಹಾಕುವವಳು ನಾನು. ಯಾರಪ್ಪ ಹೀಗೆ ಹೇಳಿದ್ದು ಅಂತ ಕೊಂಡಿ ಒತ್ತಿದೆ.

"ನಾನು ರೋಬೋಟ್ ಅಲ್ಲ" ಅನ್ನೋ ಕ್ಯಾಪ್ಚಾ ಚೌಕ ಬಂತು. ಟಿಕ್ ಮಾಡಿದೆ. ಆಮೇಲೆ ಅಲ್ಲೇ ಸೂಚನೆ ಬಂತು: ಕೀಬೋರ್ಡಿನಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ, ನಂತರ ಕಂಟ್ರೋಲ್ ಜೊತೆ ವಿ ಒತ್ತಿ, ನಂತರ ಎಂಟರ್. ಹೊಸ ಥರದ ಪರೀಕ್ಷೆ ಇರಬೇಕು ಅಂದುಕೊಂಡು ಹಾಗೇ ಮಾಡಿದೆ. ಕಪ್ಪು ಕಿಟಕಿ ಒಂದು ಮಿಂಚಿ ಮಾಯವಾಯ್ತು. ಪುಟ ನೆಟ್ಟಗೆ ನಿಜವಾದ ತಾಣಕ್ಕೇ ಹೋಯ್ತು. ಅಲ್ಲಿ ನೋಡಿದರೆ ದೂರೇ ಇಲ್ಲ. ಸದ್ಯ, ಸರಿಹೋಯ್ತು ಅಂತ ಕಣದ ಕಡೆ ಹೋದೆ.

ನಾಲ್ಕು ದಿನ ಬಿಟ್ಟು ಮೈಸೂರಿನ ಅತಿಥಿ ಫೋನ್ ಮಾಡಿದರು. "ಮೇಡಂ, ಮುಂಗಡ ಕೊಟ್ಟಾಗಿದೆಯಲ್ಲ, ಮತ್ತೆ ಯಾಕೆ ಕಾರ್ಡ್ ವಿವರ ಕೇಳ್ತಿದ್ದೀರಿ?" ನಾನು ಕೇಳೇ ಇಲ್ಲ! ಆ ಸಂದೇಶ ಹೋಗಿದ್ದು ನಮ್ಮದೇ ಖಾತೆಯಿಂದ, ಬುಕಿಂಗ್ ತಾಣದ ಚಾಟಿನೊಳಗಿಂದಲೇ. ಅವರ ಹೆಸರು, ಬರೋ ತಾರೀಕು, ಎಷ್ಟು ಜನ, ಎಲ್ಲಾ ಸರಿಯಾಗಿತ್ತು. ನಂಬದೆ ಇನ್ನೇನು ಮಾಡ್ತಾರೆ? ಮೂರು ಕುಟುಂಬ ಹಣ ಕಳಕೊಂಡಿತು. ಅದರಲ್ಲೊಂದು, ಆರು ವರ್ಷದಿಂದ ಪ್ರತಿ ಕ್ರಿಸ್ಮಸ್ ರಜೆಗೆ ನಮ್ಮಲ್ಲಿಗೇ ಬರುವ ಮನೆ. ನನ್ನ ಹಣ ಹೋಗಿದ್ದರೆ ಇಷ್ಟು ಸಂಕಟ ಆಗ್ತಿರಲಿಲ್ಲ.

ತಕ್ಷಣ ಪಾಸ್‌ವರ್ಡ್ ಬದಲಿಸಿದೆ. ಎರಡೇ ಗಂಟೆಯಲ್ಲಿ ಮತ್ತೆ ನಮ್ಮ ಹೆಸರಲ್ಲಿ ಸಂದೇಶ ಹೋಯ್ತು. ಇದು ಹೇಗೆ ಅಂತ ಇವತ್ತಿಗೂ ಅರ್ಥ ಆಗಿಲ್ಲ. ಗೊತ್ತಿದ್ದವರು ಹೇಳಿ.


ಪೊನ್ನಂಪೇಟೆ_ಹುಡುಗ · ಈಗ ಬೆಂಗಳೂರು · ಶನಿವಾರ ರಾತ್ರಿ 10.25

ಅಕ್ಕ, ಬರೆದದ್ದು ತುಂಬಾ ಒಳ್ಳೇದಾಯ್ತು. ನಾನು ಇಲ್ಲಿ ಇದೇ ಕೆಲಸದಲ್ಲಿದ್ದೇನೆ, ದಿನಾ ಇಂಥದ್ದನ್ನು ನೋಡ್ತೇನೆ. ಎಷ್ಟೋ ಕಂಪನಿಯವರು ಆರು ತಿಂಗಳಾದರೂ ಬಾಯಿ ಬಿಡಲ್ಲ.

ನಿಮಗಾದದ್ದಕ್ಕೆ ಕ್ಲಿಕ್‌ಫಿಕ್ಸ್ ಅಂತ ಹೆಸರು. ಹೋಟೆಲ್, ಲಾಡ್ಜ್ ನಡೆಸುವವರನ್ನೇ ಗುರಿಯಿಟ್ಟು, ಬುಕಿಂಗ್ ತಾಣದ ಸೋಗಿನಲ್ಲಿ 2024ರ ಡಿಸೆಂಬರಿನಿಂದ ಇಂಥ ಮೇಲ್‌ಗಳು ಹೋಗ್ತಿವೆ ಅಂತ ಮೈಕ್ರೋಸಾಫ್ಟ್ 2025ರ ಮಾರ್ಚಿನಲ್ಲೇ ಎಚ್ಚರಿಸಿತ್ತು. ಅವರು ಹೆಸರಿಸಿದ ಪ್ರದೇಶಗಳಲ್ಲಿ ದಕ್ಷಿಣ ಏಷ್ಯಾನೂ ಇತ್ತು. ಅತಿಥಿ ದೂರು, ಕೆಟ್ಟ ವಿಮರ್ಶೆ, ಖಾತೆ ಪರಿಶೀಲನೆ, ಹೀಗೆ ಕಥೆ ಬದಲಾಗುತ್ತೆ. ನಿಮ್ಮ ಎದೆ ಧಸಕ್ಕೆನ್ನಿಸೋದೇ ಅವರ ಉಪಾಯ.

ನೀವು ಚೌಕಕ್ಕೆ ಟಿಕ್ ಹಾಕಿದಾಗ ಆ ಪುಟ ಒಂದು ಸಾಲು ಆದೇಶವನ್ನು ಸದ್ದಿಲ್ಲದೆ, ಕಾಪಿ ಮಾಡಿದ್ದು ಅಂಟಿಸೋವರೆಗೆ ಕೂತಿರೋ ಜಾಗವಾದ ನಿಮ್ಮ ಕ್ಲಿಪ್‌ಬೋರ್ಡಿಗೆ ಕಾಪಿ ಮಾಡಿತು. ವಿಂಡೋಸ್ ಮತ್ತು ಆರ್ ಒತ್ತಿದರೆ ತೆರೆಯೋದು "ರನ್" ಡಬ್ಬಿ, ಅಂದರೆ ಕಂಪ್ಯೂಟರಿಗೆ ನೇರವಾಗಿ ಅಪ್ಪಣೆ ಕೊಡೋ ಜಾಗ. ಕಂಟ್ರೋಲ್ ವಿ ಒತ್ತಿದಾಗ ಆ ಸಾಲು ಅಲ್ಲಿ ಬಿತ್ತು. ಎಂಟರ್ ಒತ್ತಿದಾಗ ಅಪ್ಪಣೆ ನಡೆಯಿತು. ಬ್ರೌಸರಿನಲ್ಲಿ ಫೈಲ್ ಡೌನ್‌ಲೋಡ್ ಆಗಲೇ ಇಲ್ಲ, ಹಾಗಾಗಿ "ಈ ಫೈಲ್ ಅಪಾಯಕಾರಿ" ಅಂತ ಅದು ಹೇಳೋ ಸಂದರ್ಭವೂ ಬರಲಿಲ್ಲ. ವಿಂಡೋಸ್‌ನಲ್ಲೇ ಇರೋ ಪವರ್‌ಶೆಲ್ ಥರದ ಉಪಕರಣವೇ ಹೊರಗಿನಿಂದ ಕಳ್ಳ ತಂತ್ರಾಂಶ ತಂದು ಕೂರಿಸಿತು.

ಇದನ್ನು ಇನ್ಫೋಸ್ಟೀಲರ್ ಅಂತಾರೆ. ಕಂಪ್ಯೂಟರ್ ಹಾಳು ಮಾಡಲ್ಲ, ನಿಧಾನ ಮಾಡಲ್ಲ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಮತ್ತು ಕುಕೀಗಳನ್ನು ಬಾಚಿಕೊಂಡು ಕಳಿಸುತ್ತೆ. ಎರಡು ಗಂಟೆಯಲ್ಲಿ ಮತ್ತೆ ಹೇಗೆ ಬಂದರು ಅಂತ ಕೇಳಿದಿರಲ್ಲ, ಗುಟ್ಟು ಆ ಕುಕೀಯಲ್ಲಿ ಇರಬಹುದು. ನೀವು ಒಮ್ಮೆ ಲಾಗಿನ್ ಆದ ಮೇಲೆ "ಇವರು ನಮ್ಮವರೇ" ಅಂತ ತಾಣ ಕೊಟ್ಟಿರೋ ಗುರುತಿನ ಚೀಟಿ ಅದು. ಅದು ಕಳ್ಳನ ಕೈಲಿದ್ದರೆ ಅವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಕಳ್ಳ ಒಳಗೆ ಕೂತಿರುವಾಗ ನೀವು ಬಾಗಿಲ ಬೀಗ ಬದಲಿಸಿದ ಹಾಗೆ. ಜೊತೆಗೆ ಬದಲಿಸಿದ್ದು ಅದೇ ಕಂಪ್ಯೂಟರಿನಲ್ಲಿ ತಾನೆ? ಹಾಗಿದ್ರೆ ಹೊಸ ಪಾಸ್‌ವರ್ಡೂ ಅವನಿಗೆ ಹೋಗಿರಬಹುದು.

ಆ ಕಂಪ್ಯೂಟರಿನ ವೈಫೈ ಈಗಲೇ ಆಫ್ ಮಾಡಿ. ಬೇರೆ ಫೋನಿನಿಂದ ಮೊದಲು ಇಮೇಲ್ ಪಾಸ್‌ವರ್ಡ್ ಬದಲಿಸಿ, ಯಾಕಂದ್ರೆ ಬೇರೆಲ್ಲ ಪಾಸ್‌ವರ್ಡ್ ಮರಳಿ ಪಡೆಯೋ ದಾರಿ ಇಮೇಲ್. ಅಲ್ಲೇ "ಎಲ್ಲ ಸಾಧನಗಳಿಂದ ಸೈನ್ ಔಟ್" ಕೊಡಿ. ಆಗಲೇ ಆ ಹಳೇ ಚೀಟಿ ರದ್ದಾಗೋದು. ಆಮೇಲೆ ಬ್ಯಾಂಕು, ಬುಕಿಂಗ್ ತಾಣದಲ್ಲೂ ಹೀಗೇ ಮಾಡಿ. ಮೇಲ್‌ನಲ್ಲಿ ನಿಮಗೆ ಗೊತ್ತಿಲ್ಲದ ಫಾರ್ವರ್ಡಿಂಗ್ ವಿಳಾಸ (ನಿಮಗೆ ಬಂದ ಮೇಲ್ ತಾನಾಗೇ ಹೋಗೋ ಇನ್ನೊಂದು ವಿಳಾಸ) ಸೇರಿಸಿದ್ದಾರಾ ಅಂತ ತಪ್ಪದೆ ನೋಡಿ, ಕೆಲವರು ಅದನ್ನೂ ಮಾಡಿ ಹೋಗ್ತಾರೆ. ಇಷ್ಟಾದ ಮೇಲೆ ಫೋಟೋ, ದಾಖಲೆಗಳನ್ನು ಮಾತ್ರ ಎತ್ತಿಟ್ಟು ವಿಂಡೋಸ್ ಹೊಸದಾಗಿ ಹಾಕಿಸಿ. ಸ್ಕ್ಯಾನ್ ಮಾಡಿ ಏನೂ ಸಿಗಲಿಲ್ಲ ಅಂತ ಬಿಡಬೇಡಿ.

ಒಬ್ಬರೇ ಮೋಸ ಹೋದೆ ಅಂತ ಕೊರಗಬೇಡಿ ಅಕ್ಕ. ಲುಮ್ಮಾ ಅನ್ನೋ ಒಂದೇ ಒಂದು ಸ್ಟೀಲರ್ 2025ರ ಮಾರ್ಚ್ 16ರಿಂದ ಮೇ 16ರೊಳಗೆ, ಎರಡೇ ತಿಂಗಳಲ್ಲಿ, ಜಗತ್ತಿನ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರುಗಳಲ್ಲಿ ಪತ್ತೆಯಾಗಿತ್ತು. ಅದು ಬಳಸುತ್ತಿದ್ದ ಸುಮಾರು 2,300 ಜಾಲತಾಣ ವಿಳಾಸಗಳನ್ನು ಆಗ ಕೋರ್ಟ್ ಆದೇಶದ ಮೇಲೆ ವಶಕ್ಕೆ ತಗೊಂಡರು.


ಬೆಟ್ಟದ_ಕಡೆಯವ · ಸೋಮವಾರಪೇಟೆ · ಭಾನುವಾರ ಬೆಳಿಗ್ಗೆ 7.10

ಒಳ್ಳೇ ಆಂಟಿವೈರಸ್‌ಗೆ ದುಡ್ಡು ಕೊಟ್ಟಿದ್ದರೆ ಇದೆಲ್ಲ ಆಗ್ತಿತ್ತಾ? ಹತ್ತಾರು ಸಾವಿರದ ವ್ಯವಹಾರ ಮಾಡೋರು ವರ್ಷಕ್ಕೆ ಸಾವಿರ ರೂಪಾಯಿಗೆ ಹಿಂದೆ ಮುಂದೆ ನೋಡಬಾರದು. ಮತ್ತೆ, ಓದಿದವರೇ ಯಾರೋ ಹೇಳಿದ ಕೀ ಒತ್ತಿದರೆ ಏನು ಹೇಳೋದು?


ತಡಿಯಂಡಮೋಳ್_ತಪ್ಪಲು · ಕಕ್ಕಬ್ಬೆ · ಭಾನುವಾರ ಬೆಳಿಗ್ಗೆ 8.05

ಆಂಟಿವೈರಸ್ ಇತ್ತು ಅಣ್ಣ. ದುಡ್ಡು ಕೊಟ್ಟೇ ಹಾಕಿಸಿದ್ದು, ಇನ್ನೂ ಏಳು ತಿಂಗಳು ಬಾಕಿ ಇದೆ. ಎರಡು ದಿನ ಬಿಟ್ಟು ಏನೋ ಹಿಡಿದೆ ಅಂತ ಮೂಲೆಯಲ್ಲಿ ತೋರಿಸಿತ್ತಂತೆ, ನಾನು ಕಣದಲ್ಲಿದ್ದೆ.


ಪೊನ್ನಂಪೇಟೆ_ಹುಡುಗ · ಈಗ ಬೆಂಗಳೂರು · ಭಾನುವಾರ ಬೆಳಿಗ್ಗೆ 9.30

ಅಣ್ಣ, ನಿಮ್ಮ ಕಡೆ ಆನೆಗೆ ಸೋಲಾರ್ ಬೇಲಿ ಹಾಕಿದ್ದಾರಲ್ಲ. ಬೇಲಿ ಬೇಕೇ ಬೇಕು. ಹಾಗಂತ ಕತ್ತಲಾದ ಮೇಲೆ ಕೈಲಿ ಬ್ಯಾಟರಿ ಇಲ್ಲದೆ ತೋಟಕ್ಕೆ ಇಳೀತೀರಾ? ಆನೆ ಒಣ ಮರ ಉರುಳಿಸಿ ತಂತಿ ಮೇಲೆ ಬೀಳಿಸಿ ದಾಟೋದು ನಮಗೆಲ್ಲ ಗೊತ್ತು. ಆಂಟಿವೈರಸ್ ಆ ಬೇಲಿ. ಹಿಂದೆ ಕಂಡ ಕಳ್ಳನ ಗುರುತು, ಕಳ್ಳನಂಥ ನಡವಳಿಕೆ, ಇವೆರಡನ್ನು ನೋಡಿ ಅದು ಹಿಡಿಯುತ್ತೆ. ಇವತ್ತು ಬೆಳಿಗ್ಗೆ ತಯಾರಾದ ಹೊಸ ರೂಪವನ್ನು ಹಿಡಿಯೋಕೆ ಒಂದೆರಡು ದಿನ ತಡ ಆಗಬಹುದು. ಇಲ್ಲಿ ಆದದ್ದೂ ಅದೇ.

ಮನೆ ಬಳಕೆಗೆ ವಿಂಡೋಸ್ ಜೊತೆಗೇ ಬರೋ ಡಿಫೆಂಡರ್ ಸಾಕು ಅನ್ನೋದು ನನ್ನ ಅಭಿಪ್ರಾಯ. ಅದನ್ನು ಆಫ್ ಮಾಡದೆ ಇಟ್ಟುಕೊಂಡರೆ ಆಯ್ತು. ಒಂದರ ಮೇಲೊಂದು ಎರಡು ಆಂಟಿವೈರಸ್ ಹಾಕಬೇಡಿ, ಒಂದಕ್ಕೊಂದು ತಡೆಯಾಗುತ್ತೆ. ಅನುಮಾನ ಬಂದಾಗ ಅದರಲ್ಲೇ ಆಫ್‌ಲೈನ್ ಸ್ಕ್ಯಾನ್ ಅಂತ ಇದೆ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಎದ್ದೇಳೋ ಮೊದಲೇ ಹುಡುಕುತ್ತೆ. ಕಾಲು ಗಂಟೆ ಸಾಕು.

ಓದಿದವರು ಅನ್ನೋ ಮಾತಿಗೆ ಒಂದು ಹೇಳ್ತೇನೆ, ಬೇಜಾರು ಮಾಡ್ಕೋಬೇಡಿ. 2000ದ ಮೇ ತಿಂಗಳಲ್ಲಿ "ಐ ಲವ್ ಯು" ಅನ್ನೋ ತಲೆಬರಹದ ಮೇಲ್ ಜಗತ್ತಿನ ದೊಡ್ಡ ದೊಡ್ಡ ಕಚೇರಿಗಳನ್ನೇ ಮಲಗಿಸಿತು. ಲಗತ್ತು ತೆರೆದವರೆಲ್ಲ ಓದಿದವರೇ. ಈ ಮಾತಿಗೆ ಹೆದರಿಯೇ ಜನ ಬಾಯಿ ಮುಚ್ಚಿಕೊಳ್ಳೋದು. ಅಕ್ಕ ಹದಿನೈದು ದಿನ ಯೋಚನೆ ಮಾಡಿದ್ದೂ ಅದಕ್ಕೇ ಅಲ್ವಾ?


ಬೆಟ್ಟದ_ಕಡೆಯವ · ಸೋಮವಾರಪೇಟೆ · ಭಾನುವಾರ ಬೆಳಿಗ್ಗೆ 9.52

ಸರಿ, ಆ ಮಾತು ಆಡಬಾರದಿತ್ತು. ಅಕ್ಕ, ಕ್ಷಮಿಸಿ. ಡಿಫೆಂಡರ್ ಆನ್ ಇದೆಯಾ ಅಂತ ಈಗಲೇ ನೋಡ್ತೇನೆ.


ತೂಕದ_ಚೀಟಿ · ಸಿದ್ದಾಪುರ · ಭಾನುವಾರ ಮಧ್ಯಾಹ್ನ 12.15

ನಾನು ಕಾಫಿ, ಮೆಣಸು ವ್ಯಾಪಾರದ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ನಮಗಾದದ್ದು ಬೇರೆ ಬಗೆ. ಎರಡು ವರ್ಷದ ಹಿಂದಿನ ಮಾತು, ಇಲ್ಲಿಯವರೆಗೆ ಹೊರಗೆ ಹೇಳಿರಲಿಲ್ಲ.

ಲೆಕ್ಕದ ಸಾಫ್ಟ್‌ವೇರ್ ಲೈಸೆನ್ಸ್ ಮುಗಿದಿತ್ತು. ನವೀಕರಿಸೋದು ದುಬಾರಿ ಅಂತ ಯಾರೋ ಪರಿಚಯದವರು ಲೈಸೆನ್ಸ್ ಇಲ್ಲದೆ ಓಡೋ ಕಳ್ಳ ಪ್ರತಿ, ಅಂದರೆ ಕ್ರ್ಯಾಕ್ ತಂದುಕೊಟ್ಟರು. ಅದರ ಜೊತೆ ಬಂದ ಚೀಟಿಯಲ್ಲೇ ಬರೆದಿತ್ತು, "ಹಾಕುವ ಮುನ್ನ ಡಿಫೆಂಡರ್ ಆಫ್ ಮಾಡಿ, ಅದು ಸುಮ್ಮನೆ ವೈರಸ್ ಅನ್ನುತ್ತೆ" ಅಂತ. ಆಫ್ ಮಾಡಿದೆವು. ಮಾರನೇ ದಿನ ಬಂದು ನೋಡಿದರೆ ಪ್ರತಿ ಫೈಲಿನ ಹೆಸರಿಗೂ ವಿಚಿತ್ರ ಬಾಲ ಸೇರಿದೆ, ಒಂದೂ ತೆರೆಯಲ್ಲ. ಪ್ರತಿ ಫೋಲ್ಡರಿನಲ್ಲೂ ಡಾಲರಿನಲ್ಲಿ ಹಣ ಕೇಳೋ ಒಂದು ಓಲೆ. ಯಾರ ಎಷ್ಟು ಚೀಲ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಬಂತು, ಅದರಿಂದ ಸಿಗೋ ಬೀಜದ ಲೆಕ್ಕವಾದ ಔಟ್‌ಟರ್ನ್ ಎಷ್ಟು, ಯಾರಿಗೆ ಎಷ್ಟು ಮುಂಗಡ ಹೋಗಿದೆ, ಎಲ್ಲಾ ಅದರಲ್ಲೇ.

ಬ್ಯಾಕಪ್ ಇತ್ತು. ಆದರೆ ಆ ಹಾರ್ಡ್ ಡಿಸ್ಕ್ ವರ್ಷವಿಡೀ ಕಂಪ್ಯೂಟರಿಗೇ ಚುಚ್ಚಿಕೊಂಡಿತ್ತು. ಅದನ್ನೂ ಬೀಗ ಹಾಕಿಬಿಟ್ಟಿದೆ. ಕೊನೆಗೆ ಉಳಿದದ್ದು ಹಳೇ ತೂಕದ ಚೀಟಿಗಳು. ಯಜಮಾನರು ಚೀಲದಲ್ಲಿ ತುಂಬಿ ಅಟ್ಟದ ಮೇಲೆ ಇಟ್ಟಿದ್ದರು. ಒಂದೂವರೆ ತಿಂಗಳು ನಾವು ಮೂವರು ಕೂತು ಒಂದೊಂದೇ ಚೀಟಿ ನೋಡಿ ಲೆಕ್ಕ ಕಟ್ಟಿದೆವು. ಕೆಲವು ಬೆಳೆಗಾರರು ತಮ್ಮ ಚೀಟಿ ತಂದುಕೊಟ್ಟರು, ಅವರ ಋಣ ತೀರಿಸೋಕಾಗಲ್ಲ. ಹಣ ಮಾತ್ರ ಕಳ್ಳರಿಗೆ ಕೊಡಲಿಲ್ಲ.


ಸೊಸೈಟಿ_ಗುಮಾಸ್ತ · ನಾಪೋಕ್ಲು ಕಡೆ · ಭಾನುವಾರ ಮಧ್ಯಾಹ್ನ 1.40

ಓದಿ ಕೈ ನಡುಗಿತು. ನಾವೂ ಕೃಷಿ ಸಾಲದ ಲೆಕ್ಕ ಇಟ್ಟುಕೊಂಡಿರೋರು. 2024ರ ಜುಲೈ ಕೊನೆಯಲ್ಲಿ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ, ಅದರಲ್ಲೂ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿ ನಿಂತುಹೋಗಿದ್ದು ನೆನಪಿದೆಯಾ? ಅವಕ್ಕೆ ತಂತ್ರಜ್ಞಾನ ಒದಗಿಸುತ್ತಿದ್ದ ಒಂದು ಕಂಪನಿಗೆ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳೋ ರ‍್ಯಾನ್ಸಮ್‌ವೇರ್ ಹೊಕ್ಕಿತ್ತು. ಬೇರೆಡೆ ಹಬ್ಬದಿರಲಿ ಅಂತ, ದೇಶದ ಯುಪಿಐ ಥರದ ಪಾವತಿ ಜಾಲ ನಡೆಸೋ ಎನ್‌ಪಿಸಿಐ ಅದರ ಸಂಪರ್ಕವನ್ನೇ ಕಡಿದಿಟ್ಟಿತು. ದೆಹಲಿಯ ಏಮ್ಸ್‌ನಲ್ಲಿ 2022ರ ನವೆಂಬರಿನಲ್ಲಿ ಹೀಗೇ ಆಗಿ, ದಿನಗಟ್ಟಲೆ ರೋಗಿಗಳ ಚೀಟಿಯನ್ನು ಕೈಯಲ್ಲೇ ಬರೆದರು. ಪುಣೆಯ ಕಾಸ್ಮೊಸ್ ಸಹಕಾರಿ ಬ್ಯಾಂಕಿನಿಂದ 2018ರ ಆಗಸ್ಟಿನಲ್ಲಿ ಮಾಲ್‌ವೇರ್ ಮೂಲಕವೇ ಸುಮಾರು 94 ಕೋಟಿ ರೂಪಾಯಿ ಲೂಟಿ ಆಯ್ತು. ನಾವು ಸಣ್ಣವರು, ನಮ್ಮ ಹತ್ತಿರ ಯಾರು ಬರ್ತಾರೆ ಅಂದುಕೊಂಡು ಕೂರೋಕಾಗಲ್ಲ.

ಹುಡುಗ, ಬ್ಯಾಕಪ್ ಸರಿಯಾದ ರೀತಿ ಯಾವುದು, ನಮಗೆ ತಿಳಿಯೋ ಹಾಗೆ ಹೇಳಪ್ಪ.


ಪೊನ್ನಂಪೇಟೆ_ಹುಡುಗ · ಈಗ ಬೆಂಗಳೂರು · ಭಾನುವಾರ ಮಧ್ಯಾಹ್ನ 3.00

ಏಪ್ರಿಲಲ್ಲಿ ಗುಡುಗು ಶುರುವಾದ ಕೂಡಲೇ ನಮ್ಮ ಮನೆಗಳಲ್ಲಿ ಅಮ್ಮ ಓಡಿಹೋಗಿ ಟಿವಿ ವೈರು, ಮೋಡೆಮ್ ವೈರು ಕೀಳ್ತಾರಲ್ಲ ಸಾರ್, ಬ್ಯಾಕಪ್ ಡಿಸ್ಕಿಗೂ ಅದೇ ಮರ್ಯಾದೆ. ವಾರಕ್ಕೊಮ್ಮೆ ಚುಚ್ಚಿ, ಕಾಪಿ ಆದ ತಕ್ಷಣ ಕಿತ್ತಿಡಿ. ಚುಚ್ಚಿಕೊಂಡೇ ಇರೋ ಡಿಸ್ಕನ್ನು ರ‍್ಯಾನ್ಸಮ್‌ವೇರ್ ಇನ್ನೊಂದು ಫೋಲ್ಡರ್ ಥರವೇ ನೋಡುತ್ತೆ. ಎರಡು ಡಿಸ್ಕ್ ಇಟ್ಟು ವಾರ ಬಿಟ್ಟು ವಾರ ಬಳಸಿದರೆ ಇನ್ನೂ ಒಳ್ಳೇದು, ಒಂದು ಬೇರೆ ಮನೆಯಲ್ಲಿರಲಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ ಅಂತ ನಮ್ಮ ಕೆಲಸದಲ್ಲಿ ಲೆಕ್ಕ ಹೇಳ್ತಾರೆ. ಮತ್ತೆ ಮೂರು ತಿಂಗಳಿಗೊಮ್ಮೆ ಆ ಡಿಸ್ಕಿನಿಂದ ಒಂದು ಫೈಲ್ ತೆರೆದು ನೋಡಿ. ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯದ ವಸ್ತು ಯಾವುದಿದೆ? ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣ ಹಾಕಿ ಇಡಿ.

ಸಿದ್ದಾಪುರದ ಅಣ್ಣ, ಆ ಬೀಗ ಬಿದ್ದ ಫೈಲುಗಳು ಇನ್ನೂ ಇದ್ದರೆ ಅಳಿಸಬೇಡಿ. "ನೋ ಮೋರ್ ರ‍್ಯಾನ್ಸಮ್" ಅನ್ನೋ ತಾಣ ಇದೆ. 2016ರಲ್ಲಿ ಡಚ್ ಪೊಲೀಸರು, ಯುರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್ ಮತ್ತು ಎರಡು ಭದ್ರತಾ ಕಂಪನಿಗಳು ಸೇರಿ ಶುರುಮಾಡಿದ್ದು. ಒಂದು ಬೀಗ ಬಿದ್ದ ಫೈಲನ್ನೂ ಆ ಓಲೆಯನ್ನೂ ಅಲ್ಲಿ ಹಾಕಿದರೆ ಯಾವ ಬಗೆ ಅಂತ ಹೇಳುತ್ತೆ. ಬಿಡಿಸೋ ಕೀಲಿಕೈ ಇದ್ದರೆ ಉಚಿತವಾಗಿ ಕೊಡುತ್ತೆ. ಎಲ್ಲದಕ್ಕೂ ಇಲ್ಲ, ಆದರೆ ಹೊಸದು ಆಗಾಗ ಸೇರ್ತಾ ಇರುತ್ತೆ.

ಕ್ರ್ಯಾಕ್ ಬಗ್ಗೆ ಕಟುವಾಗಿ ಹೇಳ್ತೇನೆ. "ಆಂಟಿವೈರಸ್ ಆಫ್ ಮಾಡಿ" ಅಂತ ಯಾವ ಫೈಲ್ ಕೇಳುತ್ತೋ ಅದನ್ನು ಅಲ್ಲಿಗೇ ಬಿಟ್ಟುಬಿಡಿ. ನಾಯಿ ಕಟ್ಟಿಹಾಕಿ, ನಾನು ಒಳಗೆ ಬರ್ತೇನೆ ಅಂತ ಅಪರಿಚಿತ ಕೇಳಿದರೆ ಕಟ್ಟಿಹಾಕ್ತೇವಾ?


ಟೈಪಿಂಗ್_ಸೆಂಟರ್ · ಗೋಣಿಕೊಪ್ಪ · ಭಾನುವಾರ ಸಂಜೆ 6.20

ನಮ್ಮ ಜೆರಾಕ್ಸ್ ಅಂಗಡಿ ಬಗ್ಗೆ ನಾನೇ ಹೇಳಿಬಿಡ್ತೇನೆ. ಸಂತೆ ದಿನ ನಲವತ್ತು ಪೆನ್ ಡ್ರೈವ್ ಬಂದು ಹೋಗುತ್ತೆ. ಒಂದು ಕಾಲದಲ್ಲಿ ನಮ್ಮ ಕಂಪ್ಯೂಟರಿಂದಲೇ ಊರಿಗೆಲ್ಲ ಶಾರ್ಟ್‌ಕಟ್ ವೈರಸ್ ಹಂಚಿಕೆಯಾಯ್ತು ಅನ್ನೋದು ನನಗೆ ಈಗಲೂ ನೋವು. ಫೋಲ್ಡರ್ ಎಲ್ಲಾ ಮರೆಯಾಗಿ, ಅದೇ ಹೆಸರಿನ ಬಾಣದ ಗುರುತಿನ ಐಕಾನ್ ಮಾತ್ರ ಉಳಿಯುತ್ತೆ. ಅದನ್ನೊತ್ತಿದರೆ ಫೋಲ್ಡರೂ ತೆರೆಯುತ್ತೆ, ವೈರಸ್ಸೂ ಓಡುತ್ತೆ. ಮಕ್ಕಳು ಪ್ರಾಜೆಕ್ಟ್ ಹೋಯ್ತು ಅಂತ ಅಳೋರು. ಫೈಲ್ ಎಲ್ಲೂ ಹೋಗಿರಲ್ಲ, ಅಡಗಿಸಿಟ್ಟಿರುತ್ತೆ ಅಷ್ಟೇ. ವ್ಯೂ ಮೆನುವಿನಲ್ಲಿ ಅಡಗಿದ ಫೈಲ್ ತೋರಿಸು ಅಂತ ಕೊಟ್ಟರೆ ಎಷ್ಟೋ ಸಲ ಕಾಣಿಸುತ್ತೆ. ದಯವಿಟ್ಟು ಫಾರ್ಮ್ಯಾಟ್ ಮಾಡಿಬಿಡಬೇಡಿ.

ಈಗ ನಾನು ಅಂಗಡಿಗೆ ಬೇರೆ ಮೇಲ್ ಮಾಡಿ ಗೋಡೆಗೆ ಬರೆದು ಹಾಕಿದ್ದೇನೆ, ಫೈಲ್ ಅದಕ್ಕೇ ಕಳಿಸಿ ಅಂತ. ಅಂಗಡಿ ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆರೆದು ಲಾಗ್ ಔಟ್ ಮಾಡದೆ ಹೋಗುವವರು ದಿನಕ್ಕೊಬ್ಬರು ಇದ್ದೇ ಇರ್ತಾರೆ. ಪ್ರಿಂಟ್ ಆದ ಮೇಲೆ ಆಧಾರ್, ಆರ್‌ಟಿಸಿ, ಪಾಸ್‌ಬುಕ್ ಪ್ರತಿಗಳನ್ನು ನಾನೇ ಅಳಿಸ್ತೇನೆ. ನೀವೂ ನಿಂತು ಅಳಿಸಿ ಅಂತ ಕೇಳಿ, ಅದು ನಿಮ್ಮ ಹಕ್ಕು.

ಇನ್ನೊಂದು ವಿಷಯ, ಕನ್ನಡ ಟೈಪ್ ಮಾಡೋ ನುಡಿ ತಂತ್ರಾಂಶ. ಕಚೇರಿ ಕೆಲಸಕ್ಕೆ ನುಡಿ ಬೇಕು ಅಂತ ಹುಡುಕ್ತಾರೆ. ಮೇಲೆ ಬರೋದು ಯಾವುದೋ ಜಾಹೀರಾತಿನ ತಾಣ, ನಾಲ್ಕು ದೊಡ್ಡ ಹಸಿರು ಡೌನ್‌ಲೋಡ್ ಗುಂಡಿ, ಯಾವುದು ನಿಜ ಅಂತ ಗೊತ್ತಾಗಲ್ಲ. ಒಂದನ್ನೊತ್ತಿದರೆ ನುಡಿ ಬದಲು ಏನೇನೋ ಬಂದು ಕೂರುತ್ತೆ, ಬ್ರೌಸರ್ ತೆರೆದರೆ ಜೂಜಿನ ಜಾಹೀರಾತು. ನುಡಿ ರೂಪಿಸಿದ್ದು ಕನ್ನಡ ಗಣಕ ಪರಿಷತ್ತು, ಅವರ ತಾಣದಿಂದಲೇ ತಗೊಳ್ಳಿ. ಬರೀ ಯೂನಿಕೋಡ್ ಟೈಪಿಂಗ್ ಸಾಕು ಅನ್ನೋರಿಗೆ ಏನೂ ಡೌನ್‌ಲೋಡ್ ಬೇಡ, ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ. ಸೆಟ್ಟಿಂಗ್ಸ್‌ನ ಭಾಷೆ ವಿಭಾಗದಲ್ಲಿ ಸೇರಿಸಿಕೊಂಡರಾಯ್ತು.

ಹುಡುಗ, ನನ್ನದೊಂದು ಪ್ರಶ್ನೆ. ನಮ್ಮದು ಹಳೇ ಕಂಪ್ಯೂಟರ್, ವಿಂಡೋಸ್ 10. ಅಪ್‌ಡೇಟ್ ನಿಂತುಹೋಯ್ತಂತೆ. ಏನು ಮಾಡಲಿ?


ಪೊನ್ನಂಪೇಟೆ_ಹುಡುಗ · ಈಗ ಬೆಂಗಳೂರು · ಭಾನುವಾರ ರಾತ್ರಿ 8.45

ಹೌದು ಅಕ್ಕ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗೀತು. ಮನೆ ಬಳಕೆದಾರರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಪಡೆಯೋ ಯೋಜನೆ ಇದೆ. ಅಪ್‌ಡೇಟ್ ಪುಟದಲ್ಲೇ ನೋಂದಣಿಯ ಕೊಂಡಿ ಕಾಣಿಸುತ್ತೆ, ಮೈಕ್ರೋಸಾಫ್ಟ್ ಖಾತೆ ಬೇಕು. ಕಂಪ್ಯೂಟರ್ ವಿಂಡೋಸ್ 11ಕ್ಕೆ ಒಗ್ಗದಷ್ಟು ಹಳೆಯದಾದರೆ ಉಬುಂಟು ಅಥವಾ ಮಿಂಟ್ ಥರದ ಲಿನಕ್ಸ್ ಹಾಕಬಹುದು. ಆದರೆ ನಿಮ್ಮ ನುಡಿ ಕೆಲಸ ವಿಂಡೋಸನ್ನೇ ನಂಬಿದೆ, ಹಾಗಾಗಿ ನಿಮಗೆ ಅದನ್ನು ಒತ್ತಾಯ ಮಾಡಲ್ಲ.

ಅಪ್‌ಡೇಟ್ ಯಾಕೆ ಅಂತ ಕೇಳುವವರಿಗೆ 2017ರ ಮೇ ತಿಂಗಳ ವನ್ನಾಕ್ರೈ ಸಾಕು. ಅಲ್ಲಿ ಯಾರೂ ಯಾವ ಕೊಂಡಿಯನ್ನೂ ಒತ್ತಬೇಕಿರಲಿಲ್ಲ. ಒಂದು ಕಂಪ್ಯೂಟರಿನಿಂದ ಪಕ್ಕದ್ದಕ್ಕೆ ತಾನೇ ಹರಿದು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯಂತ್ರ ಹಿಡಿಯಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನೇ ಮುಂದೂಡಿದರು. ಆ ಬಿರುಕು ಮುಚ್ಚೋ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಕೊಟ್ಟಿತ್ತು. ಎರಡು ತಿಂಗಳು ಸಮಯ ಇತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ನಮ್ಮಲ್ಲಿ ಡೇಟಾ ಉಳಿಸೋಕೆ ಅಪ್‌ಡೇಟ್ ನಿಲ್ಲಿಸಿಡೋ ಅಭ್ಯಾಸ ಇದೆ. ಮಳೆಗಾಲದಲ್ಲಿ ನೆಟ್ಟೇ ಸಿಗಲ್ಲ ಅನ್ನೋದೂ ನಿಜ. ಸಿಕ್ಕ ದಿನ ಮೊದಲು ಅದನ್ನು ಮಾಡಿ.


ಎರಡನೇ_ಪಿಯು · ನಾಪೋಕ್ಲು · ಭಾನುವಾರ ರಾತ್ರಿ 9.10

ಅಣ್ಣ, ಇದು ಫೋನಿಗೂ ಆಗುತ್ತಾ? ಅಪ್ಪನ ಫೋನಿಗೆ ಗೊತ್ತಿರೋರ ನಂಬರಿನಿಂದಲೇ "ಮದುವೆ ಆಮಂತ್ರಣ" ಅಂತ ಬಂತು. ತೆರೆದರೆ ಏನೂ ಕಾಣಿಸಲಿಲ್ಲ. ಈಗ ಅಪ್ಪನ ವಾಟ್ಸಾಪಿನಿಂದ ಎಲ್ಲರಿಗೂ ಅದೇ ಹೋಗ್ತಿದೆ. ಅಪ್ಪನಿಗೆ ಬ್ಯಾಂಕ್ ಮೆಸೇಜ್ ಬರೋದೂ ನಿಂತಿದೆ.


ಪೊನ್ನಂಪೇಟೆ_ಹುಡುಗ · ಈಗ ಬೆಂಗಳೂರು · ಭಾನುವಾರ ರಾತ್ರಿ 9.14

ತಮ್ಮಾ, ಇದನ್ನು ಓದಿದ ತಕ್ಷಣ ಅಪ್ಪನ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕು, ವೈಫೈನೂ ಆಫ್. ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆಯ ಯುಪಿಐ, ನೆಟ್‌ಬ್ಯಾಂಕಿಂಗ್ ತಡೆಹಿಡಿಸಿ. ನಂಬರನ್ನು ಪಾಸ್‌ಬುಕ್ಕಿನಲ್ಲೋ ಎಟಿಎಂ ಕಾರ್ಡಿನ ಹಿಂದೆಯೋ ನೋಡು, ಗೂಗಲಿನಲ್ಲಿ ಹುಡುಕಬೇಡ. ಹಣ ಹೋಗಿದ್ದರೆ ಒಂದು ನಿಮಿಷವೂ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಆಮೇಲೆ ಬಾ, ಉಳಿದದ್ದು ಹೇಳ್ತೇನೆ.


ಎರಡನೇ_ಪಿಯು · ನಾಪೋಕ್ಲು · ಭಾನುವಾರ ರಾತ್ರಿ 10.02

ಮಾಡಿದೆ ಅಣ್ಣ. ಬ್ಯಾಂಕಿನವರು ತಡೆಹಿಡಿದಿದ್ದೇವೆ ಅಂದ್ರು. ಹಣ ಹೋಗಿಲ್ಲ. ಅಮ್ಮ ಅಳ್ತಾ ಇದ್ರು, ಈಗ ಸಮಾಧಾನ.


ಪೊನ್ನಂಪೇಟೆ_ಹುಡುಗ · ಈಗ ಬೆಂಗಳೂರು · ಭಾನುವಾರ ರಾತ್ರಿ 10.20

ಜಾಣ. ಅಪ್ಪನಿಗೆ ಬೈಬೇಡಿ ಅಂತ ಅಮ್ಮನಿಗೂ ಹೇಳು.

ಅದು ಆಮಂತ್ರಣ ಅಲ್ಲ, ಎಪಿಕೆ ಫೈಲ್, ಅಂದರೆ ಒಂದು ಆ್ಯಪ್. ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಏಪ್ರಿಲ್, ಮೇನಲ್ಲಿ ದಿನಕ್ಕೆರಡು ಕರೆಯೋಲೆ ಬರುತ್ತೆ, ಯಾರು ಅನುಮಾನ ಪಡ್ತಾರೆ? ಕರೆಯೋಲೆ ಚಿತ್ರವಾಗಿಯೋ ವಿಡಿಯೋ ಆಗಿಯೋ ಪಿಡಿಎಫ್ ಆಗಿಯೋ ಬರುತ್ತೆ. ಹೆಸರಿನ ಕೊನೆಗೆ ಎಪಿಕೆ ಅಂತಿದ್ದರೆ, ಸ್ವಂತ ಅಣ್ಣ ಕಳಿಸಿದ್ದರೂ ಮುಟ್ಟಬೇಡಿ. ಟ್ರಾಫಿಕ್ ದಂಡ, ಬೆಳೆ ಪರಿಹಾರದ ಪಟ್ಟಿ, ಕಿಸಾನ್ ಹಣ ಅಂತ ಬೇರೆ ಬೇರೆ ಹೆಸರಿನಲ್ಲಿ ಬರೋದೂ ಇದೇ. ಅದು ಎಸ್ಸೆಮ್ಮೆಸ್ ಓದೋ ಅನುಮತಿ ಕೇಳುತ್ತೆ, ನಾವು ಕೊಟ್ಟುಬಿಡ್ತೇವೆ. ಅಲ್ಲಿಂದ ಒಟಿಪಿ ನಿಮಗಿಂತ ಮೊದಲು ಅವನಿಗೆ ಸಿಗುತ್ತೆ. ಆ್ಯಪಿನ ಚಿತ್ರ ಮರೆಯಾಗೋದರಿಂದ ಏನೂ ಆಗಲಿಲ್ಲ ಅನಿಸುತ್ತೆ.

ಈಗ ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯಲ್ಲಿ ಗೊತ್ತಿಲ್ಲದ ಹೆಸರು, ಹೆಸರೇ ಇಲ್ಲದ ಆ್ಯಪ್ ಹುಡುಕು. ತೆಗೆಯೋಕೆ ಬಿಡದಿದ್ದರೆ ಸೇಫ್ ಮೋಡಿನಲ್ಲಿ ಪ್ರಯತ್ನಿಸು. ಆದರೂ ನನ್ನ ಸಲಹೆ, ಫೋಟೋ ಉಳಿಸಿಕೊಂಡು ಫ್ಯಾಕ್ಟರಿ ರೀಸೆಟ್ ಮಾಡಿಬಿಡೋದು. ಆಮೇಲೆ ##002# ಡಯಲ್ ಮಾಡಿ, ಕರೆ ಫಾರ್ವರ್ಡ್ ಆಗಿದ್ದರೆ ರದ್ದಾಗುತ್ತೆ. ವಾಟ್ಸಾಪಿನ ಲಿಂಕ್ಡ್ ಡಿವೈಸಸ್ ನೋಡಿ ಎಲ್ಲಾ ತೆಗೆದುಹಾಕು. ಅಪ್ಪನಿಂದ ಸಂದೇಶ ಹೋದ ಎಲ್ಲರಿಗೂ ಫೋನ್ ಮಾಡಿ ಹೇಳಿ.


ಹಳೇ_ಸುಬೇದಾರ · ಮೂರ್ನಾಡು · ಸೋಮವಾರ ಬೆಳಿಗ್ಗೆ 6.00

ನಾನು 28 ವರ್ಷ ಸೇನೆಯಲ್ಲಿದ್ದವನು. ನವೆಂಬರಿನಲ್ಲಿ ಒಂದು ಕರೆ ಬಂತು. ಹಿಂದಿಯಲ್ಲಿ, ಬಹಳ ಮರ್ಯಾದೆಯಿಂದ, ನನ್ನ ರ‍್ಯಾಂಕ್ ಹೇಳಿಯೇ ಕರೆದ. "ಸಾಹೇಬ್, ನಿಮ್ಮ ಜೀವನ ಪ್ರಮಾಣಪತ್ರ ಬಂದಿಲ್ಲ, ಪಿಂಚಣಿ ನಿಲ್ಲುತ್ತೆ, ನಾನು ಕಳಿಸೋ ಆ್ಯಪ್ ಹಾಕಿ, ಫೋನಿನಲ್ಲೇ ಮಾಡಿಕೊಡ್ತೇನೆ." ಅದು ಪರದೆ ಹಂಚಿಕೊಳ್ಳೋ ಆ್ಯಪ್. ಹಾಕಿಯೂ ಆಗಿತ್ತು. ಅದರಲ್ಲಿ ಕಾಣೋ ಸಂಖ್ಯೆ ಹೇಳಿ ಅಂದಾಗ ಪಕ್ಕದಲ್ಲಿದ್ದ ಮೊಮ್ಮಗಳು ಫೋನ್ ಕಿತ್ತುಕೊಂಡು ಆಫ್ ಮಾಡಿದಳು. ಇಂಥ ಆ್ಯಪುಗಳ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು ಅಂತ ಆಮೇಲೆ ತಿಳಿಯಿತು.

ನಮ್ಮ ಜಿಲ್ಲೆಯಲ್ಲಿ ಊರೂರಿಗೂ ಮಾಜಿ ಸೈನಿಕರಿದ್ದಾರೆ. ಮಕ್ಕಳು ಹೊರಗೆ, ಮನೆಯಲ್ಲಿ ಮುದುಕರಿಬ್ಬರೇ. ಪಿಂಚಣಿ ನಿಲ್ಲುತ್ತೆ ಅನ್ನೋ ಒಂದು ಮಾತಿಗೆ ನಾವು ಬಗ್ಗುತ್ತೇವೆ. ಇಲ್ಲಿ ಬರೆದಿರೋದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿ ಕೊಡೋಕಾಗುತ್ತಾ? ಮಾಜಿ ಸೈನಿಕರ ಮುಂದಿನ ಸಭೆಯಲ್ಲಿ ಹಂಚ್ತೇನೆ.


ತಡಿಯಂಡಮೋಳ್_ತಪ್ಪಲು · ಕಕ್ಕಬ್ಬೆ · ಸೋಮವಾರ ಮಧ್ಯಾಹ್ನ 2.30

ಹೇಳಿದ ಹಾಗೇ ಎಲ್ಲಾ ಮಾಡಿದೆ ತಮ್ಮ. ಮೇಲ್‌ನಲ್ಲಿ ನಿಜಕ್ಕೂ ಯಾರದೋ ಫಾರ್ವರ್ಡಿಂಗ್ ವಿಳಾಸ ಇತ್ತು! ತೆಗೆದೆ. ಸೈನ್ ಔಟ್ ಕೊಟ್ಟ ಮೇಲೆ ಸಂದೇಶ ನಿಂತಿದೆ. ವಿಂಡೋಸ್ ಹಾಕೋಕೆ ಮಡಿಕೇರಿಗೆ ಕೊಟ್ಟಿದ್ದೇನೆ. ಸೈಬರ್ ಅಪರಾಧದ ಸರ್ಕಾರಿ ತಾಣದಲ್ಲಿ ದೂರು ಹಾಕಿ, ಅದರ ಪ್ರತಿ ತಗೊಂಡು ಮಡಿಕೇರಿಯ ಸಿಇಎನ್ (ಸೈಬರ್ ಅಪರಾಧ ನೋಡೋ ಪೊಲೀಸ್) ಠಾಣೆಗೂ ಹೋಗಿಬಂದೆ.

ಒಂದು ವಿಷಯ ಎಲ್ಲರೂ ತಿಳಕೊಳ್ಳಿ. ಮೂರು ಕುಟುಂಬದಲ್ಲಿ ಒಬ್ಬರು ಹಣ ಹೋದ ಮುಕ್ಕಾಲು ಗಂಟೆಯಲ್ಲೇ 1930ಕ್ಕೆ ಕರೆ ಮಾಡಿದ್ದರು. ಆ ಹಣ ಮುಂದಿನ ಖಾತೆಯಲ್ಲೇ ತಡೆಹಿಡಿದಿದ್ದಾರೆ, ವಾಪಸ್ ಬರೋ ದಾರಿಯಲ್ಲಿದೆ. ಉಳಿದಿಬ್ಬರು ನಾಚಿಕೆಯಿಂದ ಮೂರು ದಿನ ಸುಮ್ಮನಿದ್ದರು. ಅಷ್ಟರಲ್ಲಿ ಅದು ನಾಲ್ಕಾರು ಖಾತೆ ದಾಟಿ ಹೋಗಿತ್ತು. ಅವರಿಬ್ಬರಿಗೂ ನಮ್ಮ ಕೈಯಿಂದಲೇ ಕೊಡ್ತೇವೆ ಅಂತ ಮನೆಯಲ್ಲಿ ಮಾತಾಡಿದ್ದೇವೆ. ಮೆಣಸು ಮಾರಿದ ಮೇಲೆ.


ಸೊಸೈಟಿ_ಗುಮಾಸ್ತ · ನಾಪೋಕ್ಲು ಕಡೆ · ಸೋಮವಾರ ಮಧ್ಯಾಹ್ನ 3.15

ಬ್ಯಾಂಕಿಗೆ ಹೇಳೋದೂ ಅಷ್ಟೇ ಬೇಗ ಆಗಬೇಕು ಅಂತ ಸೇರಿಸ್ತೇನೆ. 2017ರ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮದ ಪ್ರಕಾರ, ಗ್ರಾಹಕನದ್ದೂ ಬ್ಯಾಂಕಿನದ್ದೂ ತಪ್ಪಿಲ್ಲದೆ ಬೇರೆಲ್ಲೋ ನಡೆದ ವಂಚನೆಯನ್ನು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನಿಗೆ ಹೊಣೆ ಇಲ್ಲ. ನಾಲ್ಕರಿಂದ ಏಳು ದಿನ ಆದರೆ ಒಂದು ಮಿತಿಯವರೆಗೆ ಹೊಣೆ. ತಾನೇ ಒಟಿಪಿ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸೋವರೆಗಿನ ನಷ್ಟ ಅವನದ್ದೇ, ತಿಳಿಸಿದ ಮೇಲಿನದ್ದು ಬ್ಯಾಂಕಿನದ್ದು. ಹಾಗಾಗಿ ತಪ್ಪು ನಮ್ಮದೇ ಆಗಿದ್ದರೂ ಬೇಗ ಹೇಳಿದಷ್ಟೂ ಉಳಿಯುತ್ತೆ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.


ಟೈಪಿಂಗ್_ಸೆಂಟರ್ · ಗೋಣಿಕೊಪ್ಪ · ಸೋಮವಾರ ಸಂಜೆ 5.50

ಸುಬೇದಾರ್ ಸಾಹೇಬ್ರೆ, ಹಾಳೆ ನಾನು ಟೈಪ್ ಮಾಡಿ ಕೊಡ್ತೇನೆ. 300 ಪ್ರತಿ, ಕಾಗದದ ದುಡ್ಡೂ ಬೇಡ. ಮೇಲ್ಗಡೆ 1930 ಹಾಕ್ತೇನೆ. ಕೆಳಗೆ: ಯಾರು ಹೇಳಿದರೂ ವಿಂಡೋಸ್ ಮತ್ತು ಆರ್ ಒತ್ತಿ ಏನನ್ನೂ ಅಂಟಿಸಬೇಡಿ, ಎಪಿಕೆ ತೆರೆಯಬೇಡಿ, ಫೋನಿನ ಪರದೆ ಯಾರಿಗೂ ತೋರಿಸಬೇಡಿ, ತಪ್ಪಾದರೆ ಅದೇ ಗಂಟೆಯಲ್ಲಿ ಹೇಳಿ. ಇಷ್ಟು ಸಾಕಾ? ಬಣ್ಣದಲ್ಲಿ ಬೇಕಾ, ಕಪ್ಪು ಬಿಳುಪು ನಡೆಯುತ್ತಾ?


ಹಳೇ_ಸುಬೇದಾರ · ಮೂರ್ನಾಡು · ಸೋಮವಾರ ಸಂಜೆ 6.30

ಕಪ್ಪು ಬಿಳುಪು ಸಾಕು ತಾಯಿ. ಅಕ್ಷರ ಮಾತ್ರ ದೊಡ್ಡದಿರಲಿ, ಕನ್ನಡಕ ಹುಡುಕದೆ ಓದೋ ಹಾಗೆ. ಗುರುವಾರ ಬಸ್ಸಿಗೆ ಬಂದು ತಗೊಂಡು ಹೋಗ್ತೇನೆ.